ಹೇಳದೆ ಉಳಿದ ನಂಬಿಕೆ: ಬಾಬಾ ಪದ್ಮನಜಿಯವರ ಬದುಕು ಮತ್ತು ಕಥನದ ಒಳತೋಟಿ

1

ಪಾತ್ರದ ಒಳತೋಟಿಯನ್ನು ಕುರಿತ ಚರ್ಚೆ ಕನ್ನಡ ವಿಮರ್ಶೆಯಲ್ಲಿ ಸಾಮಾನ್ಯವಾಗಿ ನವ್ಯದಿಂದ ಆರಂಭವಾಗುತ್ತದೆ. ಶಾಂತಿನಾಥ ದೇಸಾಯಿಯವರ 'ಮುಕ್ತಿ'ಯ (1961) ಗೌರೀಶ, ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ (1965) ಪ್ರಾಣೇಶಾಚಾರ್ಯ ಈ ಚರ್ಚೆಯ ಕೇಂದ್ರದಲ್ಲಿರುವ ಪಾತ್ರಗಳು. ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳು ಬೋಧನೆಗೆ ಕಟ್ಟುಬಿದ್ದವು, ಅವುಗಳ ಪಾತ್ರಗಳು ಲೇಖಕರ ವಾದವನ್ನು ಹೊತ್ತು ನಡೆಯುವ ಬೊಂಬೆಗಳು ಎಂಬ ತಿಳುವಳಿಕೆ ಬಹುಮಟ್ಟಿಗೆ ಸ್ಥಿರಗೊಂಡಿದೆ. ಈ ತಿಳುವಳಿಕೆ ಪೂರ್ತಿ ಸುಳ್ಳಲ್ಲ. ಆದರೆ ಬೋಧನೆಯ ಭಾಷೆಯೊಳಗೇ ಅಡಗಿರುವ ತಳಮಳವನ್ನು ಗುರುತಿಸುವ ಓದು ಇದರಿಂದ ಹಿಂದೆ ಸರಿದಿದೆ.

ಈ ದೃಷ್ಟಿಯಿಂದ ಬೆಳಗಾವಿ ನಗರದಲ್ಲಿ ಹುಟ್ಟಿದ ಬಾಬಾ ಪದ್ಮನಜಿಯವರ (1831-1906) ಬದುಕು ಮತ್ತೊಮ್ಮೆ ಪರಿಶೀಲನೆಗೆ ಅರ್ಹವಾಗಿದೆ. 1857ರಲ್ಲಿ ಪ್ರಕಟವಾದ ಅವರ 'ಯಮುನಾ ಪರ್ಯಟನ' ಮರಾಠಿಯ ಮೊದಲ ಕಾದಂಬರಿಯೆಂದು ಸಾಹಿತ್ಯ ಚರಿತ್ರೆಯಲ್ಲಿ ದಾಖಲಾಗಿದೆ. ಭಾರತೀಯ ಭಾಷೆಗಳಲ್ಲೇ ಮೊದಲನೆಯದು ಎಂಬ ವಾದವೂ ಉಂಟು. ಬಂಗಾಳಿಯಲ್ಲಿ ಹಾನಾ ಮುಲೆನ್ಸ್ ಅವರ 'ಫುಲಮಣಿ ಓ ಕರುಣಾರ್ ಬಿಬರಣ್' 1852ರಲ್ಲೇ ಬಂದಿರುವುದರಿಂದ ಈ ವಾದ ವಿವಾದಕ್ಕೆ ಒಳಗಾಗಿದೆ. ಮೊದಲನೆಯದು ಯಾವುದು ಎಂಬ ಪ್ರಶ್ನೆಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ತಾನು ನಂಬಿದ್ದನ್ನು ಮನೆಯವರೆದುರು ಹೇಳಲಾರದ ಮನುಷ್ಯನ ಸ್ಥಿತಿ ಒಂದು ಹೊಸ ಕಥನ ಪ್ರಕಾರಕ್ಕೆ ವಸ್ತುವಾದದ್ದು ಹೇಗೆ? ಇದಕ್ಕೆ ಉತ್ತರ ಪದ್ಮನಜಿಯವರ ಕೃತಿಯಲ್ಲಿ ಎಷ್ಟಿದೆಯೋ ಅವರ ಜೀವನದಲ್ಲಿಯೂ ಅಷ್ಟೇ ಇದೆ.

2

1831ನೆಯ ಇಸವಿ ಬೆಳಗಾವಿ ಸೀಮೆಗೆ ಮರೆಯಲಾಗದ ವರ್ಷ. ಆ ವರ್ಷದ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಅದಾದ ನಾಲ್ಕು ತಿಂಗಳಿಗೆ, ಮೇ ತಿಂಗಳಿನಲ್ಲಿ, ಬೆಳಗಾವಿಯಲ್ಲಿ ಬಾಬಾ ಪದ್ಮನಜಿಯವರು ಹುಟ್ಟಿದರು. ಈ ಎರಡು ಘಟನೆಗಳಿಗೆ ನೇರವಾದ ಸಂಬಂಧವಿಲ್ಲ. ಆದರೆ ಎರಡೂ ಸೇರಿ ಒಂದು ಕಾಲದ ತಿರುವನ್ನು ಸೂಚಿಸುತ್ತವೆ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿತ್ತು. 1824ರ ಕಿತ್ತೂರಿನ ಯುದ್ಧವೂ ಅದರ ಮುಂದುವರಿಕೆಯಾದ ರಾಯಣ್ಣನ ಹೋರಾಟವೂ ಮುಗಿದ ಮೇಲೆ ಈ ಭಾಗದಲ್ಲಿ ಹೊಸ ಆಡಳಿತಕ್ಕೆ ಬಹಿರಂಗವಾದ ಸಶಸ್ತ್ರ ಪ್ರತಿರೋಧ ಬಹುಮಟ್ಟಿಗೆ ಅಡಗಿತು. ಮುಂದಿನ ತಲೆಮಾರಿನ ಸಂಘರ್ಷ ಶಾಲೆ, ಮುದ್ರಣಾಲಯ, ಮನೆಯ ನಡುಕೋಣೆಗಳಿಗೆ ಸ್ಥಳಾಂತರಗೊಂಡಿತು.

ಬೆಳಗಾವಿಯಿಂದ ಖಾನಾಪುರದವರೆಗಿನ ಪ್ರದೇಶ ಹಲವು ಭಾಷೆ ಹಲವು ಧರ್ಮಗಳ ಸಹವಾಸಕ್ಕೆ ಹೊಸದಲ್ಲ. ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ ತಾಮ್ರಪಟಗಳು ವೈದಿಕ ಪರಂಪರೆಯ ಅರಸರು ಜೈನ ಸಂಘಗಳಿಗೆ ದತ್ತಿ ನೀಡಿದ್ದನ್ನು ದಾಖಲಿಸುತ್ತವೆ. ಮೃಗೇಶವರ್ಮನ ಶಾಸನವೊಂದು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳನ್ನು ಹೆಸರಿಸುತ್ತದೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ ಇದು. ಆದರೆ ಒಂದು ಧರ್ಮದ ಮನೆಯವರು ಇನ್ನೊಂದು ಧರ್ಮದವರ ನೆರೆಯಲ್ಲಿ ಬದುಕುವುದು ಬೇರೆ. ಒಂದೇ ಮನೆಯೊಳಗಿನ ಮಗ ಬೇರೆ ಧರ್ಮವನ್ನು ಮನಸ್ಸಿನಲ್ಲಿ ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಈ ನೆಲದಲ್ಲಿ ದೀರ್ಘ ಪರಂಪರೆಯಿತ್ತು. ಎರಡನೆಯದನ್ನು ಹೇಗೆ ಎದುರಿಸಬೇಕೆಂಬುದಕ್ಕೆ ಪದ್ಮನಜಿಯವರ ಕುಟುಂಬದ ಮುಂದೆ ಯಾವ ಮಾದರಿಯೂ ಇರಲಿಲ್ಲ.

ಅವರದು ತ್ವಷ್ಟಾ ಕಾಸಾರ ಎಂಬ, ತಾಮ್ರ ಹಿತ್ತಾಳೆ ಕೆಲಸದ ಜಾತಿಗೆ ಸೇರಿದ ಮನೆತನ. ತಂದೆ ಇಂಗ್ಲಿಷ್ ಸರಕಾರದ ನೌಕರಿಯಲ್ಲಿದ್ದುದರಿಂದ ಮನೆಯ ಸ್ಥಿತಿ ಅನುಕೂಲವಾಗಿತ್ತು. ಪೂಜೆ, ವ್ರತ, ಪುರಾಣ ಶ್ರವಣ, ಮಡಿಗಳು ನಿತ್ಯದ ಬದುಕಿನ ಕಟ್ಟು. ಕಸುಬಿನ ಜಾತಿಯೊಂದು ಸರಕಾರಿ ನೌಕರಿಯ ಮೂಲಕ ಮೇಲೇರುತ್ತಿದ್ದ ಕಾಲದಲ್ಲಿ ಆಚಾರನಿಷ್ಠೆ ಕೇವಲ ಭಕ್ತಿಯ ವಿಷಯವಾಗಿರದೆ ಸಾಮಾಜಿಕ ಮಾನದ ವಿಷಯವೂ ಆಗಿರುತ್ತದೆ. ಇಂತಹ ಮನೆಯಲ್ಲಿ ಮಗನ ಸಂದೇಹ ಅವನೊಬ್ಬನದಾಗಿ ಉಳಿಯುವುದಿಲ್ಲ. ಅದು ಕುಲದ ಮಾನವನ್ನೇ ಪಣಕ್ಕೊಡ್ಡುತ್ತದೆ.

3

ಬೆಳಗಾವಿಯಲ್ಲಿ ಲಂಡನ್ ಮಿಷನರಿ ಸೊಸೈಟಿಯ ಕೆಲಸ 1820ರಲ್ಲಿ, ಬಳ್ಳಾರಿಯಿಂದ ಬಂದ ಜೋಸೆಫ್ ಟೇಲರ್ ಅವರಿಂದ ಆರಂಭವಾಯಿತು. ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದ್ದ ಜಾನ್ ಹ್ಯಾಂಡ್ಸ್, ಕನ್ನಡ ನಿಘಂಟನ್ನು ಸಿದ್ಧಪಡಿಸಿದ ವಿಲಿಯಂ ರೀವ್ ಅವರು ಇದ್ದ ಮಿಷನ್ ಅದೇ ಬಳ್ಳಾರಿಯದು. ಹೀಗಾಗಿ ಕನ್ನಡ ಗದ್ಯದ ಆಧುನಿಕ ಚರಿತ್ರೆಯೂ ಮರಾಠಿ ಕಾದಂಬರಿಯ ಹುಟ್ಟೂ ಒಂದೇ ಸಂಸ್ಥೆಯ ಎರಡು ಕವಲುಗಳ ಹತ್ತಿರ ಬಂದು ನಿಲ್ಲುತ್ತವೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯ ಕಚೇರಿ ಮತ್ತು ಶಾಲೆಗಳಲ್ಲಿ ಆಗ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ಬಲಗೊಂಡದ್ದು ಅನಂತರದ ದಶಕಗಳಲ್ಲಿ. ಪದ್ಮನಜಿಯವರು ಬೆಳಗಾವಿಯವರಾಗಿಯೂ ಮರಾಠಿ ಲೇಖಕರಾಗಿ ಬೆಳೆದುದರ ಹಿಂದೆ ಮನೆಮಾತಿನಷ್ಟೇ ಈ ಆಡಳಿತದ ಸಂದರ್ಭವೂ ಇದೆ.

ಬೆಳಗಾವಿಯ ಮಿಷನ್ ಶಾಲೆಯಲ್ಲಿ ಅವರ ಇಂಗ್ಲಿಷ್ ಶಿಕ್ಷಣ ನಡೆಯಿತು. ಮಕ್ಕಳನ್ನು ಮಿಷನ್ ಶಾಲೆಗೆ ಕಳಿಸಿದ ಆ ಕಾಲದ ಅನೇಕ ತಂದೆತಾಯಿಗಳ ಲೆಕ್ಕಾಚಾರ ಸರಳವಾಗಿತ್ತು. ಇಂಗ್ಲಿಷ್ ಬೇಕು, ಅದರಿಂದ ನೌಕರಿ ಬರುತ್ತದೆ. ಉಳಿದ ಪಾಠ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ ಎಂಬ ಭರವಸೆ ಅವರದು. ಪದ್ಮನಜಿಯವರ ವಿಷಯದಲ್ಲಿ ಈ ಭರವಸೆ ನಿಲ್ಲಲಿಲ್ಲ. ಮುಂದೆ ಮುಂಬಯಿಯಲ್ಲಿ ಫ್ರೀ ಚರ್ಚ್ ಮಿಷನ್ನಿನ ವಿದ್ಯಾಲಯದಲ್ಲಿ ಓದುವಾಗ ಅವರ ಸಂದೇಹಗಳು ಗಟ್ಟಿಯಾದವು.

ಮುಂಬಯಿಯ ಈ ಅವಧಿಯಲ್ಲಿ ಅವರು ಪರಮಹಂಸ ಸಭೆಯ ಸಂಪರ್ಕಕ್ಕೆ ಬಂದು ಅದರ ಸದಸ್ಯರಾದರು. 1849ರಲ್ಲಿ ದಾದೋಬಾ ಪಾಂಡುರಂಗ ಮೊದಲಾದವರು ಕಟ್ಟಿದ ಈ ಸಭೆ ಜಾತಿಭೇದವನ್ನೂ ಮೂರ್ತಿಪೂಜೆಯನ್ನೂ ನಿರಾಕರಿಸಿತ್ತು. ಆದರೆ ಅದರ ಕೆಲಸವೆಲ್ಲ ಗುಟ್ಟಿನದು. ಸದಸ್ಯರ ಸಂಖ್ಯೆ ಸಾಕಷ್ಟು ಬೆಳೆದ ಮೇಲೆ ಮಾತ್ರ ಬಹಿರಂಗಕ್ಕೆ ಬರುವುದೆಂಬ ಎಣಿಕೆ ಅದರದು. ಒಳಗೆ ಎಲ್ಲರೊಡನೆ ಕುಳಿತು ಉಣ್ಣುವ ಸದಸ್ಯ ಹೊರಗೆ ಬಂದು ತನ್ನ ಜಾತಿಯ ಪಂಕ್ತಿಯಲ್ಲಿಯೇ ಕೂಡುತ್ತಿದ್ದ. 1860ರಲ್ಲಿ ಸದಸ್ಯರ ಪಟ್ಟಿ ಬೇರೆಯವರ ಕೈಸೇರಿ ಬಯಲಾದಾಗ ಸಭೆಯೇ ಚದುರಿಹೋಯಿತು. ಎರಡು ಮುಖದ ಈ ಬಾಳು ಪದ್ಮನಜಿಯವರಿಗೆ ಅಂದಿನ ವಿದ್ಯಾವಂತರ ಸಾಮಾನ್ಯ ಸ್ಥಿತಿಯನ್ನು ತೋರಿಸಿಕೊಟ್ಟಿತು. ಅರಿವಿಗೂ ಆಚರಣೆಗೂ ನಡುವಿನ ಅಂತರ ಒಬ್ಬಿಬ್ಬರ ದೌರ್ಬಲ್ಯವಾಗಿರಲಿಲ್ಲ. ಒಂದು ವರ್ಗದ ಜೀವನಕ್ರಮವೇ ಆಗಿತ್ತು.

ಇದೇ ಕಾಲದಲ್ಲಿ ಅವರ ಬರವಣಿಗೆ ಆರಂಭವಾಯಿತು. ಅಮೆರಿಕನ್ ಮರಾಠಿ ಮಿಷನ್ 1842ರಿಂದ ಹೊರಡಿಸುತ್ತಿದ್ದ 'ಜ್ಞಾನೋದಯ' ಪತ್ರಿಕೆ ಅವರ ಓದಿನ, ಬರಹದ ನೆಲೆಯಾಯಿತು. ಸ್ತ್ರೀಶಿಕ್ಷಣವನ್ನು ಕುರಿತ ಅವರ ನಿಬಂಧ 1852ರಲ್ಲಿ ಬಂದಿತು. ಇಪ್ಪತ್ತೊಂದರ ಪ್ರಾಯದ, ಇನ್ನೂ ತನ್ನ ಜಾತಿ ಧರ್ಮಗಳೊಳಗೇ ಇದ್ದ ಯುವಕನೊಬ್ಬ ಹೆಣ್ಣುಮಕ್ಕಳ ಓದಿನ ಪರವಾಗಿ ಬರೆದದ್ದು ಗಮನಾರ್ಹ. ಕಾದಂಬರಿಯ ಯಮುನೆ ಅಕ್ಷರ ಬಲ್ಲ ಹೆಣ್ಣಾಗಿರುವುದರ ಬೀಜ ಇಲ್ಲಿದೆ.

4

ಪದ್ಮನಜಿಯವರು 1854ರಲ್ಲಿ ಹುಟ್ಟೂರಾದ ಬೆಳಗಾವಿಯಲ್ಲಿಯೇ ದೀಕ್ಷಾಸ್ನಾನ ಪಡೆದರು. ಒಳಗೆ ಒಪ್ಪಿಕೊಂಡ ನಂಬಿಕೆಗೂ ಈ ಬಹಿರಂಗ ಘಟನೆಗೂ ನಡುವೆ ಕೆಲವು ವರ್ಷಗಳ ಅಂತರವಿತ್ತು. ಅವರ ಜೀವನದ ಅತ್ಯಂತ ಕಠಿಣವಾದ ಭಾಗ ಈ ಅಂತರದ ವರ್ಷಗಳೇ. ತರ್ಕದ ಪ್ರಶ್ನೆಗಳು ಆ ಹೊತ್ತಿಗಾಗಲೇ ಅವರ ಮಟ್ಟಿಗೆ ಮುಗಿದಿದ್ದವು. ಉಳಿದದ್ದು ತಂದೆತಾಯಿಗಳ ಮುಖ, ಬಂಧುಗಳ ಕಣ್ಣೀರು, ಬಾಲ್ಯದಲ್ಲಿಯೇ ಕೈಹಿಡಿದ ಹೆಂಡತಿಯ ಭವಿಷ್ಯ.

ಮತಾಂತರ ಅಂದು ವ್ಯಕ್ತಿಯ ಆಯ್ಕೆಯಾಗಿ ಕಾಣುವಂತಿರಲಿಲ್ಲ. ಅದನ್ನು ಕುಟುಂಬಗಳು ಬದುಕಿರುವವನ ಸಾವಿನಂತೆ ಕಂಡವು. 1850ರ ಕಾನೂನು ಮತಾಂತರಗೊಂಡವರ ಪಿತ್ರಾರ್ಜಿತ ಹಕ್ಕನ್ನು ರಕ್ಷಿಸಿತಾದರೂ ಪಂಕ್ತಿಯನ್ನೂ ಹೊಸ್ತಿಲನ್ನೂ ಮರಳಿಸುವ ಶಕ್ತಿ ಅದಕ್ಕಿರಲಿಲ್ಲ. ಗಂಡ ಮತ ಬದಲಿಸಿದಾಗ ಹೆಂಡತಿಯ ಗತಿಯೇನೆಂಬ ಪ್ರಶ್ನೆಗೆ ಕಾನೂನಿನ ಉತ್ತರ ಬಂದದ್ದು 1866ರಲ್ಲಿ, ಮತಾಂತರಗೊಂಡವರ ವಿವಾಹ ವಿಚ್ಛೇದನದ ಶಾಸನದ ಮೂಲಕ. ಪದ್ಮನಜಿಯವರ ಮೊದಲ ಪತ್ನಿ ಅವರ ಹೊಸ ಬದುಕಿಗೆ ಬರಲಿಲ್ಲ. ಮುಂದೆ ಅವರು ಕ್ರೈಸ್ತ ಸಮುದಾಯದಲ್ಲಿ ಮರುವಿವಾಹವಾದರು. ಅಗಲಿಕೆಯ ನೋವು ಗಂಡನಿಗಿಂತ ಆ ಹೆಣ್ಣುಮಗಳಿಗೆ ಹೆಚ್ಚು ಭಾರವಾಗಿದ್ದಿರಬೇಕು. ಗಂಡ ಬದುಕಿದ್ದೂ ಗಂಡನಿಲ್ಲದ ಸ್ಥಿತಿ ಅವಳದು. ವಿಧವೆಗಿದ್ದ ಹೆಸರೂ ಅವಳ ಸ್ಥಿತಿಗೆ ಇರಲಿಲ್ಲ. ಇಂಥದೊಂದು ಅಗಲಿಕೆಯ ಬೆನ್ನಿಗೇ ಪದ್ಮನಜಿಯವರು ವಿಧವೆಯರನ್ನು ಕುರಿತು ಕಾದಂಬರಿ ಬರೆದರೆಂಬುದನ್ನು ಓದುಗರು ಗಮನದಲ್ಲಿಡಬೇಕು.

ದೀಕ್ಷೆಯ ಅನಂತರ ಅವರು ಪುಣೆಗೆ ಹೋಗಿ ಫ್ರೀ ಚರ್ಚ್ ಮಿಷನ್ನಿನ ಶಾಲೆಯಲ್ಲಿ ಶಿಕ್ಷಕರಾದರು. ಜೋತಿರಾವ್ ಫುಲೆಯವರು 1848ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದ್ದ ಊರದು. ಜಾತಿ, ಸ್ತ್ರೀಶಿಕ್ಷಣ, ವಿಧವೆಯರ ಸ್ಥಿತಿಗಳನ್ನು ಕುರಿತ ವಾಗ್ವಾದ ಅಲ್ಲಿ ಬಿರುಸಾಗಿತ್ತು. 1856ರಲ್ಲಿ ವಿಧವಾ ಪುನರ್ವಿವಾಹದ ಶಾಸನ ಬಂದಿತು. ಅದರ ಮರುವರ್ಷವೇ 'ಯಮುನಾ ಪರ್ಯಟನ' ಅಚ್ಚಾಯಿತು.

5

ಕೃತಿಯ ಪೂರ್ಣ ಶೀರ್ಷಿಕೆಯೇ ಅದರ ಉದ್ದೇಶವನ್ನು ಸಾರುತ್ತದೆ. ಯಮುನೆಯ ಪ್ರವಾಸದ ನೆಪದಲ್ಲಿ ಹಿಂದೂಸ್ಥಾನದ ವಿಧವೆಯರ ಸ್ಥಿತಿಯನ್ನು ನಿರೂಪಿಸುವುದು ಅದರ ಘೋಷಿತ ಗುರಿ. ಯಮುನೆ ಮತ್ತು ಅವಳ ಗಂಡ ವಿನಾಯಕ ಊರಿಂದೂರಿಗೆ ಪ್ರವಾಸ ಹೋಗುತ್ತಾರೆ. ಹೋದಲ್ಲೆಲ್ಲ ವಿಧವೆಯರ ಸಂಕಟದ ಕಥೆಗಳನ್ನು ಕಾಣುತ್ತಾರೆ, ಕೇಳುತ್ತಾರೆ. ವಿನಾಯಕ ಅಕಾಲದಲ್ಲಿ ತೀರಿಕೊಂಡು ಯಮುನೆ ತಾನೇ ವಿಧವೆಯಾಗುತ್ತಾಳೆ. ಅದುವರೆಗೆ ಕೇಳುಗಳಾಗಿದ್ದವಳು ಅನುಭವಿಸುವವಳಾಗುತ್ತಾಳೆ. ಕೊನೆಗೆ ಅವಳು ಕ್ರೈಸ್ತ ಧರ್ಮವನ್ನು ಸ್ವೀಕರಿಸಿ ಮರುವಿವಾಹವಾಗುತ್ತಾಳೆ.

ಕಥಾಸಾರವನ್ನಷ್ಟೇ ನೋಡಿದರೆ ಇದು ಪ್ರಚಾರ ಕೃತಿ. ಆದರೆ ಯಮುನೆ ಮತ್ತು ವಿನಾಯಕರ ಸ್ಥಿತಿ ಆರಂಭದಿಂದಲೇ ವಿಶಿಷ್ಟವಾದುದು. ಇಬ್ಬರೂ ಒಳಗೆ ಕ್ರೈಸ್ತ ನಂಬಿಕೆಯವರು, ಹೊರಗೆ ಹಿಂದೂ ಮನೆಯ ಸೊಸೆ ಮತ್ತು ಮಗ. ಅವರ ಪ್ರಾರ್ಥನೆ ಏಕಾಂತದ್ದು. ಕುಟುಂಬದ ಆಚಾರಗಳೊಳಗೆ ಇದ್ದುಕೊಂಡೇ ಅವರು ಅವುಗಳಿಂದ ದೂರವಾಗಿದ್ದಾರೆ. ಕಥನದ ಒತ್ತಡ ಹುಟ್ಟುವುದು ಯಾವುದು ಸತ್ಯ ಎಂಬ ಪ್ರಶ್ನೆಯಿಂದಲ್ಲ. ಅದು ಅವರಿಗೆ ಗೊತ್ತಿದೆ, ನಿರೂಪಕನಿಗಂತೂ ಗೊತ್ತೇ ಇದೆ. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವ ಗಳಿಗೆ ಯಾವುದು, ಹೇಳಿದರೆ ಯಾರು ನೋಯುತ್ತಾರೆ, ಹೇಳದೆ ಉಳಿದರೆ ತಾನು ಏನಾಗುತ್ತೇನೆ ಎಂಬ ಪ್ರಶ್ನೆಗಳು ಒತ್ತಡವನ್ನು ಹುಟ್ಟಿಸುತ್ತವೆ. ವಿನಾಯಕನ ಸಾವು ಕಥೆಯ ತಿರುವಾಗುವುದು ಇದೇ ಕಾರಣಕ್ಕೆ. ಮುಂದೆಂದೋ ಹೇಳಿದರಾಯಿತು ಎಂದು ಕಾದಿಟ್ಟ ಕಾಲವನ್ನೇ ಸಾವು ಕಸಿದುಕೊಳ್ಳುತ್ತದೆ.

ನಿರೂಪಕ ಮತ್ತು ಪಾತ್ರಗಳ ನಡುವಿನ ಸಂಬಂಧ ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಅಂಶ. ಕೃತಿಯ ನಿರೂಪಕ ಪ್ರಥಮ ಪುರುಷದಲ್ಲಿ ಕಥೆ ಹೇಳುವ ಸರ್ವಜ್ಞ. ಅವನಿಗೆ ಸಂದೇಹಗಳಿಲ್ಲ. ಕಂಡ ಪ್ರತಿಯೊಂದು ದುಃಖಕ್ಕೂ ಅವನಲ್ಲಿ ಕಾರಣವಿದೆ, ಪರಿಹಾರವಿದೆ. ಆದರೆ ಪಾತ್ರಗಳು ತಡೆದು ನಿಲ್ಲುತ್ತವೆ, ಮುಚ್ಚಿಡುತ್ತವೆ, ಪಶ್ಚಾತ್ತಾಪಪಡುತ್ತವೆ. ಲೇಖಕರು ತಮ್ಮ ನಿಶ್ಚಯವನ್ನು ನಿರೂಪಕನಿಗೂ ತಮ್ಮ ಹಿಂಜರಿಕೆಯ ವರ್ಷಗಳನ್ನು ಪಾತ್ರಗಳಿಗೂ ಹಂಚಿಕೊಟ್ಟಂತೆ ಕಾಣುತ್ತದೆ. 1857ರ ಪದ್ಮನಜಿಯವರು ದೀಕ್ಷೆ ಪಡೆದು ಮೂರು ವರ್ಷಗಳಾಗಿದ್ದ ಶಿಕ್ಷಕ. ಹಿಂಜರಿಯುವ ಹಕ್ಕು ಅವರಿಗೆ ಉಳಿದಿರಲಿಲ್ಲ. ಆ ಹಕ್ಕನ್ನು ಅವರು ಯಮುನೆಗೂ ವಿನಾಯಕನಿಗೂ ಕೊಟ್ಟರು.

ಇದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದಿದೆ. ಕಾದಂಬರಿಯ ದಂಪತಿಗಳು ತಮ್ಮ ಗುಟ್ಟನ್ನು ಇಡೀ ಲೋಕದಿಂದ ಮುಚ್ಚಿಟ್ಟರೂ ಪರಸ್ಪರ ಮುಚ್ಚಿಡುವುದಿಲ್ಲ. ಮನೆಯಲ್ಲಿ ಒಂಟಿಯಾದ ನಂಬಿಕೆಗೆ ಅಲ್ಲಿ ಒಬ್ಬ ಜೊತೆಗಾರನಿದ್ದಾನೆ. ಲೇಖಕರ ಬದುಕಿನಲ್ಲಿ ಇಲ್ಲದೆ ಹೋದದ್ದು ಇದೇ. ಕೃತಿಯನ್ನು ಲೇಖಕನ ಜೀವನದ ನೇರ ಪ್ರತಿಬಿಂಬವೆಂದು ಓದುವುದು ಅಪಾಯಕಾರಿ ಎಂಬುದು ನಿಜ. ಆದರೆ ಯಮುನೆ ಮತ್ತು ವಿನಾಯಕರ ಸಖ್ಯವನ್ನು ಪ್ರತಿಬಿಂಬವೆನ್ನುವುದಕ್ಕಿಂತ ಕೊರತೆಯೊಂದರ ಪೂರಣವೆಂದು ಓದಲು ಆಸ್ಪದವಿದೆ. ಬೋಧನೆಯ ಕೃತಿಯಲ್ಲಿ ಬೋಧನೆಗೆ ಅವಶ್ಯಕವಲ್ಲದ ಮೃದುತ್ವ ಎಲ್ಲಿಂದ ಬಂತೆಂಬುದಕ್ಕೆ ಇದು ಒಂದು ವಿವರಣೆಯಾಗಬಲ್ಲದು.

6

ಕಾದಂಬರಿಯ ಅನಂತರ ಪದ್ಮನಜಿಯವರು ಐದು ದಶಕಗಳ ಕಾಲ ಬದುಕಿದರು. ನಿಬಂಧ, ಚರಿತ್ರೆ, ಧರ್ಮಜಿಜ್ಞಾಸೆ, ಟೀಕೆ, ಕೋಶಗಳೆಲ್ಲ ಸೇರಿ ಅವರ ಕೃತಿಗಳ ಸಂಖ್ಯೆ ನೂರನ್ನು ಮೀರುತ್ತದೆ. ಮೋಲ್ಸ್‌ವರ್ತ್ ಅವರ ಮರಾಠಿ-ಇಂಗ್ಲಿಷ್ ನಿಘಂಟನ್ನು ಸಂಗ್ರಹಿಸಿ ಅವರು 1863ರಲ್ಲಿ ಹೊರತಂದ ಆವೃತ್ತಿ ವಿದ್ಯಾರ್ಥಿಗಳ ಕೈಪಿಡಿಯಾಯಿತು. 1867ರಲ್ಲಿ ಪುಣೆಯಲ್ಲಿ ಸಭಾಪಾಲಕರಾಗಿ ದೀಕ್ಷಿತರಾದರು. ಕೆಲವು ವರ್ಷಗಳ ನಂತರ ಆ ಹೊಣೆಯಿಂದ ಬಿಡುಗಡೆ ಪಡೆದು ಮುಂಬಯಿಯಲ್ಲಿ ಕ್ರೈಸ್ತ ಗ್ರಂಥ ಪ್ರಕಟಣ ಸಂಸ್ಥೆಗಳ ಸಂಪಾದಕರಾಗಿ ದುಡಿದರು. ಅವರ ಹೊರಬದುಕು ಸ್ಥಿರವಾಯಿತು. ಬರಹದ ಧ್ವನಿಯೂ ಸ್ಥಿರವಾಯಿತು.

ಆದರೂ ತಮ್ಮ ಹಿಂಜರಿಕೆಯ ವರ್ಷಗಳನ್ನು ಅವರು ಮರೆಯಲಿಲ್ಲ. 1880ರ ದಶಕದಲ್ಲಿ ಪ್ರಕಟವಾದ 'ಅರುಣೋದಯ'ದಲ್ಲಿ ಆ ಕಾಲಕ್ಕೆ ಮರಳಿದರು. ಜೆ. ಮರ್ರೆ ಮಿಚೆಲ್ ಅವರು ಸಂಪಾದಿಸಿದ ಅದರ ಇಂಗ್ಲಿಷ್ ರೂಪ 1890ರಲ್ಲಿ ಬಂದಿತು. ಈ ಆತ್ಮಕಥನದ ಹರವು ಗಮನಾರ್ಹವಾದುದು. ಇಡೀ ಆಯುಷ್ಯದ ಸಾಧನೆಯನ್ನು ಬಿಟ್ಟು ಅದು ಬೆಳಗಾವಿಯ ಬಾಲ್ಯದಿಂದ ದೀಕ್ಷೆಯವರೆಗಿನ ದಾರಿಯ ಮೇಲೆ ನೆಲೆಗೊಳ್ಳುತ್ತದೆ. ಅರುಣೋದಯ ಎಂಬ ಹೆಸರೇ ಕತ್ತಲೂ ಅಲ್ಲದ ಹಗಲೂ ಅಲ್ಲದ ಹೊತ್ತನ್ನು ಸೂಚಿಸುತ್ತದೆ. ತಮ್ಮ ಬದುಕಿನಲ್ಲಿ ಹೇಳಲು ಯೋಗ್ಯವಾದ ಕಥೆ ಈ ನಡುಹೊತ್ತಿನದು ಎಂಬುದು ಅವರ ಆಯ್ಕೆಯಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ನಿರೂಪಕ ಮತ್ತು ಪಾತ್ರ ಒಬ್ಬನೇ ವ್ಯಕ್ತಿ. ಐವತ್ತು ದಾಟಿದ ಪಾದ್ರಿ ಇಪ್ಪತ್ತರ ಯುವಕನನ್ನು ನೋಡುತ್ತಾನೆ. ಕಾದಂಬರಿಯಲ್ಲಿ ನಿರೂಪಕನೂ ಪಾತ್ರಗಳೂ ಹಂಚಿಕೊಂಡಿದ್ದ ನಿಶ್ಚಯ ಮತ್ತು ಹಿಂಜರಿಕೆ ಆತ್ಮಕಥನದಲ್ಲಿ ಮುಪ್ಪು ಮತ್ತು ಹರೆಯಗಳ ನಡುವೆ ಹಂಚಿಹೋಗಿವೆ. ಕಥನದ ವ್ಯವಸ್ಥೆ ಮೂವತ್ತು ವರ್ಷಗಳಲ್ಲಿ ಬದಲಾಗಿಲ್ಲ. ವ್ಯತ್ಯಾಸ ಇಷ್ಟೆ: ಕಾದಂಬರಿಯ ಯಮುನೆಗೆ ಕೊನೆಯಲ್ಲಿ ಹೊಸ ಮನೆ ದೊರೆಯುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಆತ್ಮಕಥನದ ಯುವಕನಿಗೂ ಹೊಸ ಮನೆ ದೊರೆಯಿತು. ಆದರೆ ಹಳೆಯ ಮನೆಯ ನೆನಪನ್ನು ಬರೆದು ಮುಗಿಸಲು ಅವನಿಗೆ ಮೂರು ದಶಕಗಳು ಬೇಕಾದವು.

7

ಪದ್ಮನಜಿಯವರ ಕೃತಿಯನ್ನು ಕನ್ನಡದ ಸಂದರ್ಭದಲ್ಲಿಟ್ಟು ನೋಡುವಾಗ ತಕ್ಷಣ ನೆನಪಾಗುವುದು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899). ಅಲ್ಲಿಯೂ ಕೇಂದ್ರದಲ್ಲಿರುವವಳು ಓದಲು ಬಯಸುವ ಎಳೆಯ ವಿಧವೆ. ಅಲ್ಲಿಯೂ ಕಥೆ ಮುಗಿಯುವುದು ಮರುವಿವಾಹದಲ್ಲಿ. ಎರಡರ ನಡುವೆ ನಾಲ್ಕು ದಶಕಗಳ ಅಂತರವಿದೆ, ಧರ್ಮದ ಅಂತರವೂ ಇದೆ. ಗುಲ್ವಾಡಿಯವರ ಇಂದಿರಾಬಾಯಿ ಹೊಸ ಬದುಕನ್ನು ಸುಧಾರಿತ ಹಿಂದೂ ಸಮಾಜದೊಳಗೆ ಕಂಡುಕೊಂಡರೆ ಯಮುನೆ ಆ ಸಮಾಜದಿಂದ ಹೊರನಡೆಯಬೇಕಾಯಿತು. ಮರಾಠಿಯಲ್ಲಿಯೇ ಹರಿ ನಾರಾಯಣ ಆಪ್ಟೆಯವರು 1890ರ ದಶಕದ ಆರಂಭದಲ್ಲಿ ಪೂರ್ಣಗೊಳಿಸಿದ 'ಪಣ ಲಕ್ಷಾತ ಕೋಣ ಘೇತೋ' ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ ವಿಧವೆಯೂ ಯಮುನೆಯೇ. ಆದರೆ ಈ ಯಮುನೆ ತನ್ನ ಕಥೆಯನ್ನು ತಾನೇ ಉತ್ತಮ ಪುರುಷದಲ್ಲಿ ಹೇಳುತ್ತಾಳೆ. ಅವಳ ಬಳಿ ಪರಿಹಾರವಿಲ್ಲ, ಸರ್ವಜ್ಞ ನಿರೂಪಕನ ಆಸರೆಯೂ ಇಲ್ಲ. ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದರು. ವಿಧವೆಯ ಸ್ವಗತಕ್ಕಿಂತ ಕೋಟೆ ಕಾಳಗಗಳ ಕಥೆಗಳು ಉತ್ತರ ಕರ್ನಾಟಕದ ಓದುಗರನ್ನು ಮೊದಲು ತಲುಪಿದವು ಎಂಬುದು ನಮ್ಮ ಅಭಿರುಚಿಯ ಚರಿತ್ರೆಯಲ್ಲಿ ಚಿಂತಿಸಬೇಕಾದ ವಿಷಯ.

ಈ ಸಾಲಿನಲ್ಲಿಟ್ಟಾಗ ಪದ್ಮನಜಿಯವರ ಕಾದಂಬರಿಯ ಮಿತಿಯೂ ಮಹತ್ವವೂ ಕಾಣುತ್ತವೆ. ನಿರೂಪಕನ ಸರ್ವಜ್ಞತೆಯನ್ನು ಬಿಟ್ಟುಕೊಡಲು ಅದಕ್ಕೆ ಸಾಧ್ಯವಾಗಲಿಲ್ಲ. ಧರ್ಮಗಳನ್ನು ತೂಗುವಾಗ ಅದರ ತಕ್ಕಡಿ ಮೊದಲೇ ಒಂದು ಕಡೆ ವಾಲಿದೆ. ಆದರೆ ನಂಬಿಕೆ ಮತ್ತು ಸಂಬಂಧಗಳ ನಡುವೆ ಸಿಕ್ಕ ಮನುಷ್ಯನನ್ನು ಅದು ತಿರಸ್ಕಾರದಿಂದ ನೋಡಲಿಲ್ಲ. ಹಿಂಜರಿಯುವವನು ಹೇಡಿಯೆಂದು ತೀರ್ಮಾನಿಸಲಿಲ್ಲ. ಅವನು ಪ್ರೀತಿಸುವ ಜನ ಅವನ ಹಿಂದೆ ನಿಂತಿದ್ದಾರೆ ಎಂಬುದನ್ನು ಕಂಡಿತು. ಪ್ರಾಣೇಶಾಚಾರ್ಯನ ಇಕ್ಕಟ್ಟಿಗೆ ತತ್ವಶಾಸ್ತ್ರದ ಆಳವಿದೆ. ಯಮುನೆ ಮತ್ತು ವಿನಾಯಕರ ಇಕ್ಕಟ್ಟಿಗೆ ಆ ಆಳವಿಲ್ಲ. ಆದರೆ ಅರಿತದ್ದನ್ನು ಊರಿನ ಮುಂದೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಎರಡರಲ್ಲಿಯೂ ಇದೆ. ಅಗ್ರಹಾರಕ್ಕೆ ಮರಳುವ ದಾರಿಯಲ್ಲಿ ಪ್ರಾಣೇಶಾಚಾರ್ಯ ಎದುರಿಸುವ ಪ್ರಶ್ನೆಯೂ ಕೊನೆಗೆ ಇದೇ.

ಬಾಬಾ ಪದ್ಮನಜಿಯವರು 1906ರ ಆಗಸ್ಟ್ 29ರಂದು ನಿಧನರಾದರು. ಮರಾಠಿ ಸಾಹಿತ್ಯ ಚರಿತ್ರೆ ಅವರನ್ನು ಕ್ರೈಸ್ತ ಲೇಖಕರೆಂದು ಒಂದು ಅಧ್ಯಾಯದಲ್ಲಿ ಕೂರಿಸಿತು. ಕನ್ನಡ ಸಾಹಿತ್ಯ ಚರಿತ್ರೆ ಅವರನ್ನು ಮರಾಠಿಯವರೆಂದು ಬಿಟ್ಟುಕೊಟ್ಟಿತು. ಬೆಳಗಾವಿ ಮತ್ತು ಖಾನಾಪುರಗಳ ಎರಡು ಭಾಷೆಯ ಮನೆಗಳಲ್ಲಿ ಇಂದಿಗೂ ಮನಸ್ಸಿನ ಮಾತು ಒಂದು, ಪಂಕ್ತಿಯ ಮಾತು ಇನ್ನೊಂದು ಆಗುವ ಸಂದರ್ಭಗಳಿವೆ. ಆ ಎರಡರ ನಡುವಿನ ಮೌನವನ್ನು ಕಥೆಯಾಗಿಸಿದ ಮೊದಲಿಗರಲ್ಲಿ ಒಬ್ಬರು ಈ ನೆಲದವರು. ಆರಂಭಕಾಲದ ಕಾದಂಬರಿಗಳನ್ನು ಅವುಗಳ ಉಪದೇಶಕ್ಕಾಗಿ ತಳ್ಳಿಹಾಕುವ ಮೊದಲು, ಉಪದೇಶಿಸುವ ನಿರೂಪಕನ ಹಿಂದೆ ಬಾಯಿಬಿಡಲಾರದೆ ನಿಂತ ಪಾತ್ರಗಳನ್ನು ಹುಡುಕುವುದು ಅವಶ್ಯಕ ಎಂಬುದನ್ನು ಪದ್ಮನಜಿಯವರ ಬದುಕು ತೋರಿಸಿಕೊಡುತ್ತದೆ.